ಮೂರು ವರ್ಷ ಬಯೋಚಾರ್ ಹಾಕಿದ ಮೇಲೆ

ನಮ್ಮ ಮನೆಯಲ್ಲಿ ರೊಟ್ಟಿ ಜೊತೆ ಹಸಿ ಮೆಂತ್ಯ ಬೇಕೇ ಬೇಕು. ಹಾಗಾಗಿ ಎಲೆಯಲ್ಲಿ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಇದೆ ಅಂತ ವರದಿ ಬಂದ ದಿನ ನನಗೆ ಊಟ ಸೇರಲಿಲ್ಲ. ಸೊಪ್ಪಿಗೆ ಅಂತರರಾಷ್ಟ್ರೀಯ ಮಿತಿ ಕಿಲೋಗೆ 0.2 ಮಿಲಿಗ್ರಾಂ. ನಮ್ಮದು ಅದನ್ನು ದಾಟಿತ್ತು. ಬೆಳಗಾವಿ ಅಂಚಿನ ನಮ್ಮ ಎರಡು ಗುಂಟೆಗೆ ವರ್ಷಗಟ್ಟಲೆ ಕೊಳಚೆ ನಾಲಾ ನೀರನ್ನೇ ಹಾಯಿಸಿದ್ದೆವು.

ಇದಕ್ಕೆ ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲು, ಚದರ ಮೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಎಂಟು ಚೀಲ ತಂದೆ. 4,800 ರೂಪಾಯಿ. ‘ಹರವಿ ಕಲಸಿಬಿಡ್ರಿ, ಸಾಕು’ ಅಂದರು ಅಂಗಡಿಯವರು. ಹಾಗೇ ಮಾಡಿದೆ. ಮೆಂತ್ಯ ಹೇಗೋ ತಡೆದುಕೊಂಡಿತು, ಪಾಲಕ ಪೂರ್ತಿ ಹಳದಿ ತಿರುಗಿತು. ಒಣ ಇದ್ದಿಲು ಮಣ್ಣಿನ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಂಡಿತ್ತು. ಈ ಒಂದು ಮಾತನ್ನು ಚೀಲದ ಮೇಲೆ ಅಚ್ಚು ಹಾಕಲು ಏನಾಗಿತ್ತು? ಒಂದು ಹಂಗಾಮು ಹಾಳಾಯಿತು.

ಎರಡನೇ ವರ್ಷದಿಂದ ನೆನೆಸಿಯೇ ಹಾಕುತ್ತೇನೆ. ಹಳೇ ಡ್ರಮ್ಮಿಗೆ ಇದ್ದಿಲು ಸುರಿದು, ನೀರು ಬೆರೆಸಿದ ಗಂಜಳ ಹೊಯ್ಯುತ್ತೇನೆ. ಚುರ್ ಅಂತ ಸದ್ದು ಬರುತ್ತದೆ, ಗುಳ್ಳೆ ಏಳುತ್ತವೆ. ತೇಲುವ ಚೂರುಗಳು ದಿನ ಕಳೆದಂತೆ ಒಂದೊಂದೇ ತಳ ಸೇರುತ್ತವೆ. ಬೆಳಗ್ಗೆ ಹಾಲು ಹಿಂಡಿದ ಮೇಲೆ ಕೋಲು ಹಾಕಿ ತಿರುವದೆ ಹೋದರೆ ಈಗ ನನಗೆ ಏನೋ ಮರೆತ ಹಾಗಾಗುತ್ತದೆ. ಆಮೇಲೆ ತಿಪ್ಪೆಗೊಬ್ಬರದ ಜೊತೆ ಕಲಸಿ, ಹಸಿ ಗೋಣಿ ಮುಚ್ಚಿ ಎರಡು ವಾರ ಬಿಡುವುದು. ಗೋಣಿ ಎತ್ತಿದರೆ ಎರೆಹುಳ!

ಈ ವರ್ಷ ಎಲೆಯ ವರದಿ ಮಿತಿಯ ಒಳಗೆ ಬಂತು. ನಾಲಾ ಬಿಟ್ಟು ಬೋರಿನ ನೀರು ಹಿಡಿದದ್ದೂ ಇದಕ್ಕೆ ಕಾರಣ ಇರಬೇಕು. ಮೊನ್ನೆ ಅವ್ವ ರೊಟ್ಟಿ ಬಡಿಯುತ್ತಾ, ‘ಎರಡು ಸಿವುಡು ಕಿತ್ಕೊಂಡು ಬಾ’ ಅಂದಳು. ಎರಡು ವರ್ಷ ಸಂತೆಯಿಂದ ತರುತ್ತಿದ್ದವಳು.

ಆದರೆ ‘ಬಯೋಚಾರ್ ವಿಷ ತೆಗೆಯುತ್ತದೆ’ ಅನ್ನುವ ಮಾತು ನಂಬಬೇಡಿ. ಲೋಹ ಎಲ್ಲೂ ಹೋಗುವುದಿಲ್ಲ. ಇದ್ದಿಲಿಗೆ ಅಂಟಿಕೊಂಡು ಬೇರಿಗೆ ಕಡಿಮೆ ಸಿಗುತ್ತದೆ, ಅಷ್ಟೇ. ಇದ್ದಿಲು ಮಣ್ಣಿನ ಹುಳಿಯನ್ನೂ ತಗ್ಗಿಸುತ್ತದೆ; ಮಣ್ಣು ಮತ್ತೆ ಹುಳಿಯಾದರೆ ಹಿಡಿದ ಲೋಹವನ್ನು ಬಿಟ್ಟೂ ಬಿಡಬಹುದು. ಅದಕ್ಕೆ ಬರೀ ಮಣ್ಣಲ್ಲ, ಎಲೆಯನ್ನೂ ಪರೀಕ್ಷೆ ಮಾಡಿಸಿ. ನಮ್ಮದು ಖಾನಾಪುರ ಕಡೆಯಂಥ ಕೆಂಪು, ಹುಳಿ ಮಣ್ಣು. ವಿಜಯಪುರದ ಎರೆ ಮಣ್ಣು ಮೊದಲೇ ಕ್ಷಾರ, ಅಲ್ಲಿ ಇಷ್ಟು ಫಲ ಕಾಣಲಿಕ್ಕಿಲ್ಲ. ಆರ್ಸೆನಿಕ್ ಅನ್ನುವ ಇನ್ನೊಂದು ವಿಷ ಇರುವ ಮಣ್ಣಿಗಂತೂ ಸುಮ್ನೆ ಹಾಕಬೇಡಿ, ಕ್ಷಾರ ಜಾಸ್ತಿಯಾದರೆ ಅದು ಇನ್ನೂ ಸಡಿಲಾಗಿ ಬೇರಿಗೆ ಸಿಗುತ್ತದೆ.

ಇನ್ನು ಚೀಲ ಕೊಳ್ಳುವುದಿಲ್ಲ. ತೊಗರಿ ಕಟ್ಟಿಗೆಯನ್ನು ಗುಂಡಿಯಲ್ಲಿ ಸುಟ್ಟು, ಬೂದಿಯಾಗುವ ಮುಂಚೆ ನೀರು ಹೊಯ್ದು ನಾವೇ ಮಾಡಿಕೊಳ್ಳುತ್ತಿದ್ದೇವೆ. ಕಟ್ಟಿಗೆ ಮಾತ್ರ ಬೇರೆ ಹೊಲದಿಂದ ತರುತ್ತೇವೆ. ನಮ್ಮದನ್ನೇ ಸುಟ್ಟರೆ ಅದರೊಳಗಿನ ಲೋಹ ತಿರುಗಿ ಇದೇ ಮಡಿಗೆ ಬರುತ್ತದಲ್ವಾ.