ಕ್ಲಚ್ ಹಾಕಿಸಲು ಹೋಗಿ ಸೈಲೆನ್ಸರ್ ಕೆಡಿಸಿಕೊಂಡೆ

ಹಳೇ ಸಣ್ಣ ಕಾರಿಗೆ ಕ್ಲಚ್ ಮಾಡಿಸಬೇಕು ಅಂತಿದ್ದೀರಾ? ಗಾಡಿ ಗ್ಯಾರೇಜಲ್ಲಿ ಬಿಟ್ಟು ಬರುವ ಮುಂಚೆ ಇದನ್ನೊಮ್ಮೆ ಓದಿ. ನನ್ನ ಗಾಡಿಗೆ 14 ವರ್ಷ. ಒಂದೇ ಕೆಲಸಕ್ಕೆ ನಾಲ್ಕು ತಿಂಗಳಲ್ಲಿ ಎರಡು ಸಲ ಅದರ ಗೇರ್‌ಬಾಕ್ಸ್ ಇಳಿಸಬೇಕಾಯಿತು. ನಡುವೆ ನಾನು ಕುಡಿದ ಹೊಗೆಯ ಲೆಕ್ಕ ಬೇರೆ.

ಶುರುವಾದದ್ದು ಒಂದು ಏರಿನಲ್ಲಿ. ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಅರಚಿಕೊಳ್ಳುತ್ತೆ, ಆರ್‌ಪಿಎಂ ಮುಳ್ಳು ಏರುತ್ತೆ, ಸ್ಪೀಡ್ ಮಾತ್ರ ಇದ್ದಲ್ಲೇ ಇರುತ್ತೆ. ಜೊತೆಗೆ ಸುಟ್ಟ ವಾಸನೆ. ಕ್ಲಚ್ ಜಾರುತ್ತಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. (ಎಂಜಿನ್ನೂ ಏರದೆ ಗಾಡಿಯೂ ಎಳೆಯದಿದ್ದರೆ ಅದು ಬೇರೆ ಕಾಯಿಲೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೂ ಹಾಗಾಗುತ್ತೆ. ಅದಕ್ಕೆ ಕ್ಲಚ್ ಬಿಚ್ಚಿಸಬೇಡಿ.)

ಮೆಕ್ಯಾನಿಕ್ ಮೊದಲು ಮಾಡಿದ್ದು ಕೇಬಲ್ ಬಿಗಿ. ಪೆಡಲ್ ಗಟ್ಟಿಯಾಯಿತು, ನನಗೂ ಖುಷಿಯಾಯಿತು. ಅದೇ ಮೊದಲ ತಪ್ಪು. ಕೇಬಲ್ ಇರುವ ಕ್ಲಚ್‌ನಲ್ಲಿ ಪೆಡಲ್‌ನ ಮೇಲಿನ ಒಂದೆರಡು ಸೆಂಟಿಮೀಟರ್ ಸುಮ್ಮನೆ ಬೆರಳಲ್ಲಿ ಒತ್ತಿದರೂ ಹೋಗಬೇಕು; ಸರಿಯಾದ ಅಳತೆ ಗಾಡಿಯ ಕೈಪಿಡಿಯಲ್ಲಿರುತ್ತೆ. ಆ ಸಡಿಲ ಇಲ್ಲದಿದ್ದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿಗೆ ಸದಾ ಆತುಕೊಂಡೇ ತಿರುಗುತ್ತೆ. ಅಂದರೆ ನಾನು ಕಾಲು ತೆಗೆದರೂ ಗಾಡಿ ಹಾಫ್ ಕ್ಲಚ್ಚಲ್ಲೇ ಓಡುತ್ತಿತ್ತು. ಉಳಿದಿದ್ದ ಅಷ್ಟಿಷ್ಟು ಕ್ಲಚ್ ಪ್ಲೇಟೂ ಎರಡೇ ವಾರಕ್ಕೆ ಸವೆದುಹೋಯಿತು.

ಆಮೇಲೆ ಗೇರ್‌ಬಾಕ್ಸ್ ಇಳಿಸಿದರು. ಬೆಳಗ್ಗೆ ಬಿಟ್ಟ ಗಾಡಿ ಸಂಜೆಗೆ ಕೈಗೆ ಬಂತು. ಪ್ಲೇಟ್ ಮಾತ್ರ ಹೊಸದು. ಪ್ರೆಶರ್ ಪ್ಲೇಟು, ಬೇರಿಂಗು "ಇನ್ನೂ ಚೆನ್ನಾಗಿವೆ ಸಾರ್". ಹಳೇ ಪ್ಲೇಟ್ ಕೊಡಿ ಅಂದೆ, ಗುಜರಿಗೆ ಹೋಯಿತು ಅಂದರು. ಅಷ್ಟು ಬೇಗ ಗುಜರಿಗೆ ಹೋಗುವ ಪ್ಲೇಟು ಯಾವುದಪ್ಪಾ ಅಂತ ಅವತ್ತೇ ಕೇಳಬೇಕಿತ್ತು.

ಈಗ ಸೈಲೆನ್ಸರ್ ವಿಷಯಕ್ಕೆ ಬರ್ತೀನಿ. ಮುಂದಿನ ಚಕ್ರ ಎಳೆಯುವ ಎಷ್ಟೋ ಸಣ್ಣ ಕಾರುಗಳಲ್ಲಿ ಹೊಗೆ ಹೋಗುವ ಮುಂದಿನ ಪೈಪು ಗೇರ್‌ಬಾಕ್ಸ್‌ಗೆ ಅಡ್ಡ ಬರುತ್ತೆ, ಅದನ್ನು ಬಿಚ್ಚದೆ ಗೇರ್‌ಬಾಕ್ಸ್ ಇಳಿಯಲ್ಲ. 14 ವರ್ಷ ಕಾದು ತಣ್ಣಗಾಗಿ ತುಕ್ಕು ಹಿಡಿದ ಸ್ಟಡ್ (ಆ ಪೈಪನ್ನು ಬಿಗಿದಿಡುವ ತಲೆಯಿಲ್ಲದ ಬೋಲ್ಟು) ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತದೆಯೇ? ಎಣ್ಣೆ ಬಿಟ್ಟು ಕಾಯಬೇಕು, ಬೇಕಾದರೆ ಬಿಸಿ ಮಾಡಬೇಕು, ಮುರಿದರೆ ಕೊರೆದು ಹೊಸದು ಹಾಕಬೇಕು. ಇದಕ್ಕೆಲ್ಲ ಸಮಯ ಬೇಕು. ಜೊತೆಗೆ ಬಿಚ್ಚಿದ ಪೈಪನ್ನು ಕೆಳಗಿನಿಂದ ಏನಾದರೂ ಕೊಟ್ಟು ಆನಿಸಬೇಕು, ಇಲ್ಲವೇ ತಂತಿಯಲ್ಲಿ ಕಟ್ಟಬೇಕು. ಎಂಜಿನ್ ಅಲುಗಾಟ ತಡೆಯೋಕೆ ಅಂತ ನಡುವೆ ಜಾಲರಿ ಸುತ್ತಿದ ಮೆತ್ತನೆಯ ತುಂಡೊಂದು ಇರುತ್ತದಲ್ಲ, ಪೈಪಿನ ಭಾರವೆಲ್ಲ ಅದರ ಮೇಲೆ ಬಿದ್ದರೆ ಅದು ಒಳಗೊಳಗೇ ಹರಿಯುತ್ತೆ. ನನ್ನ ಗಾಡಿಯಲ್ಲಿ ಎರಡೂ ಆಗಿತ್ತು, ಸ್ಟಡ್ಡೂ ಮುರಿದಿತ್ತು, ಜಾಲರಿಯೂ ಬಿಟ್ಟಿತ್ತು. ನನಗೆ ಯಾರೂ ಹೇಳಲಿಲ್ಲ.

ಹತ್ತು ದಿನಕ್ಕೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಫಟ್ ಫಟ್ ಸದ್ದು ಶುರುವಾಯಿತು. ಐದು ನಿಮಿಷ ಓಡಿಸಿದರೆ ಮಾಯ. ಕಬ್ಬಿಣ ಕಾದು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತಿತ್ತು, ಅಷ್ಟೇ. ನಾನು ಸರಿಹೋಯಿತು ಅಂದುಕೊಳ್ಳುತ್ತಿದ್ದೆ. ಮೈಲೇಜೂ ಇಳಿಯಿತು. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ನನ್ನ ಗಾಡಿಯಲ್ಲಿ ಸ್ಟಡ್ ಮುರಿದ ಆ ಜೋಡಣೆ ದಾಟಿದ ಮೇಲಿದೆ. ಸಂದಿನಿಂದ ಹೊರಗಿನ ಗಾಳಿ ಒಳಗೆ ಸೇರಿದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅದಕ್ಕೆ ಅನ್ನಿಸುತ್ತೆ, ಎಂಜಿನ್ ಇನ್ನಷ್ಟು ಸುರಿಯುತ್ತೆ. ದೂರು ಹೇಳಿದ್ದಕ್ಕೆ ಜೋಡಣೆಗೆ ಸುತ್ತ ಪೇಸ್ಟ್ ಮೆತ್ತಿ ಕಳಿಸಿದರು.

ಆಮೇಲೆ ತಲೆನೋವು. ಗಾಜು ಏರಿಸಿ ಅರ್ಧ ಗಂಟೆ ಓಡಿಸಿದರೆ ಹಣೆ ಹಿಡಿದುಕೊಳ್ಳುತ್ತಿತ್ತು, ಹೊಟ್ಟೆ ತೊಳೆಸುತ್ತಿತ್ತು. ಕೆಲಸದ ಸುಸ್ತು ಅಂದುಕೊಂಡೆ. ಇಳಿದು ಓಡಾಡಿದರೆ ಹಗುರಾಗುತ್ತದಲ್ಲ ಅಂತ ಮನೆಯಲ್ಲಿ ಹೇಳಿದ ಮೇಲೇ ನನ್ನ ತಲೆಗೆ ಹೊಳೆದದ್ದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಗಾಡಿಯೊಳಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿ ಮುಂದಿನ ಗಾಜಿನ ಬುಡದಲ್ಲೇ, ಬಾನೆಟ್ ಹಿಂದೆಯೇ ಇರುತ್ತೆ. ಎಂಜಿನ್ ಹತ್ತಿರ ಸೋರಿದ ಹೊಗೆಗೆ ಒಳಗೆ ಬರಲು ದೂರವೇನಿಲ್ಲ. ಗಾಡಿಯಲ್ಲಿ ಕೂತಾಗ ಮಾತ್ರ ಬರುವ ತಲೆನೋವಿಗೆ ಮಾತ್ರೆ ನುಂಗುತ್ತಾ ಕೂರಬೇಡಿ. ಗಾಜು ಇಳಿಸಿ, ಗಾಡಿ ನಿಲ್ಲಿಸಿ, ಇಳಿದುಬಿಡಿ.

ಅಷ್ಟರಲ್ಲಿ ಕ್ಲಚ್ಚೂ ಮತ್ತೆ ಜಾರತೊಡಗಿತ್ತು. ಮೊದಲನೇ ಗೇರಲ್ಲಿ ಬಿಡುವಾಗ ಗಾಡಿ ಗಡಗಡ ನಡುಗುತ್ತಿತ್ತು. ಈ ಸಲ ಬೇರೆ ಗ್ಯಾರೇಜು. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಕೆಳಗೆ ಮಲಗಿ ಟಾರ್ಚ್ ಬಿಟ್ಟು, "ಬನ್ನಿ ಇಲ್ಲಿ, ನೀವೇ ನೋಡಿ" ಅಂದರು. ಜೋಡಣೆ ಸುತ್ತ ಕಾಡಿಗೆಯಂಥ ಮಸಿ. ಮೂರು ಸ್ಟಡ್ ಇರಬೇಕಾದ ಕಡೆ ಎರಡು ಸ್ಟಡ್ಡು, ಮೂರನೆಯದರ ಜಾಗದಲ್ಲಿ ಅರ್ಧಕ್ಕೇ ತಿರುಗಿ ನಿಂತ ಯಾವುದೋ ಬೋಲ್ಟು.

ಗೇರ್‌ಬಾಕ್ಸ್ ಇಳಿದ ಮೇಲೆ ಬಯಲಾದದ್ದು ಇನ್ನೂ ಚೆಂದ. ನಾಲ್ಕು ತಿಂಗಳ ಪ್ಲೇಟು ಎಣ್ಣೆಯಲ್ಲಿ ನೆಂದು ಕಪ್ಪಾಗಿತ್ತು. ಕ್ಲಚ್ ಪ್ಲೇಟ್ ಒತ್ತಿ ಕೂರುವ ಎಂಜಿನ್ನಿನ ಭಾರದ ಚಕ್ರ, ಫ್ಲೈವೀಲ್, ಅದರ ಮೇಲೆ ಕಾದ ನೀಲಿ ಕಲೆಗಳು. ಅವರು ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೂಸಿದರು. ಗೇರ್ ಆಯಿಲ್ ಆಗಿದ್ದರೆ ಗಂಧಕದ ಘಾಟು ಹೊಡೆಯುತ್ತಂತೆ. ಇದು ಎಂಜಿನ್ ಆಯಿಲ್, ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ದಂಡದ) ಹಿಂಭಾಗದಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲಿನಿಂದ ಬಂದದ್ದು. ಸೀಲಿನ ತುಟಿ ಉಗುರಲ್ಲಿ ಒತ್ತಿದರೆ ಬಾಗಲಿಲ್ಲ, ಪುಡಿಯಾಯಿತು. ರಬ್ಬರ್ ಅನ್ನೋದು ಹೆಸರಿಗಷ್ಟೇ. ಆ ಸೀಲ್ ಕಣ್ಣಿಗೆ ಕಾಣಬೇಕಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಕಳಚಬೇಕು. ಮೊದಲ ಸಲ ಗೇರ್‌ಬಾಕ್ಸೂ ಕ್ಲಚ್ಚೂ ಕಳಚಿದ್ದವು, ಇನ್ನೊಂದಿಷ್ಟು ಬೋಲ್ಟು ಬಿಚ್ಚಿದ್ದರೆ ಸಾಕಿತ್ತು.

ಈ ಸಲ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು, ಸೀಲು, ಕೇಬಲ್ಲು ಎಲ್ಲ ಹೊಸದು. ಫ್ಲೈವೀಲ್ ಲೇತ್‌ಗೆ ಹೋಗಿ ಬಂತು. ಪೈಪಿಗೆ ಹೊಸ ಜಾಲರಿ ತುಂಡು ಬೆಸೆಯುವ ಮುಂಚೆ ಬ್ಯಾಟರಿ ವೈರ್ ಕಳಚಿದರು (ಕಳಚದೆ ವೆಲ್ಡಿಂಗ್ ಮಾಡಿದರೆ ಗಾಡಿಯ ಎಲೆಕ್ಟ್ರಾನಿಕ್ಸ್ ಸುಡಬಹುದು, ನೀವೂ ಕಣ್ಣಿಟ್ಟಿರಿ). ಕೊನೆಗೆ ಸ್ಟಾರ್ಟ್ ಮಾಡಿ, ಹಿಂದಿನ ಕೊಳವೆಗೆ ಒದ್ದೆ ಬಟ್ಟೆ ಒಂದು ಕ್ಷಣ ಒತ್ತಿ ಹಿಡಿದು, ಎಲ್ಲಾದರೂ ಬುಸ್ ಅನ್ನುತ್ತಾ ಅಂತ ಕಿವಿಗೊಟ್ಟರು. ಅನ್ನಲಿಲ್ಲ.

ಪುಡಿಯಾದ ಸೀಲನ್ನು ಪೇಪರಲ್ಲಿ ಸುತ್ತಿಕೊಂಡು ಮೊದಲ ಗ್ಯಾರೇಜಿಗೆ ಹೋಗಿ ಮೇಜಿನ ಮೇಲಿಟ್ಟೆ. ತಿರುಗಿಸಿ ನೋಡಿ ಅವನು ಹೇಳಿದ್ದಿಷ್ಟು: "ನೀವು ಕ್ಲಚ್ ಕೆಲಸ ಅಂದ್ರಿ ಸಾರ್, ಸೀಲ್ ನೋಡು ಅಂದಿರಲಿಲ್ಲವಲ್ಲ."