ಸೌರಶಕ್ತಿ ಪಾಠಕ್ಕೆ ರೆಡಿಮೇಡ್ ಕಿಟ್ಟೋ, ಬಿಡಿ ಸಾಮಾನೋ?

ನಾಲ್ಕನೇ, ಐದನೇ ತರಗತಿಯ ಮಕ್ಕಳಿಗೆ ಬಿಸಿಲು, ಗಾಳಿಯಿಂದ ಕರೆಂಟ್ ಹೇಗೆ ಬರುತ್ತೆ ಅಂತ ತೋರಿಸೋಕೆ ಚಿತ್ರದುರ್ಗದ ನಮ್ಮ ಶಾಲೆಯಲ್ಲಿ ಮೂರು ದಾರಿ ನೋಡಿದೆವು: ಆನ್‌ಲೈನ್‌ನಲ್ಲಿ ತರಿಸಿದ ಸೋಲಾರ್ ಕಾರಿನ ಕಿಟ್, ಉಪ್ಪುನೀರು ಹಾಕಿದರೆ ಓಡೋ ಆಟಿಕೆ ಕಾರು, ಆಮೇಲೆ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ ಬಿಡಿ ಸಾಮಾನು. ಬಿಡಿ ಸಾಮಾನು ಅಂದರೆ ಅಂಗೈಯಗಲದ ಪ್ಯಾನಲ್, ಆಟಿಕೆ ಮೋಟಾರ್, ಗೇರ್ ಮೋಟಾರ್ (ಹಲ್ಲುಚಕ್ರ ಜೋಡಿಸಿದ ಮೋಟಾರ್), ಒಂದಿಷ್ಟು ಎಲ್‌ಇಡಿ. ನನ್ನ ಮತ ಅದಕ್ಕೇ.

ಕಿಟ್ ನೋಡೋಕೆ ಚಂದ. ತಕರಾರು ಇರೋದು ಪ್ಯಾನಲ್‌ದು. ಅದನ್ನು ಕಾರಿನ ಚಾವಣಿಗೆ ಅಂಟಿಸಿಬಿಟ್ಟಿದ್ದಾರೆ. ನಮ್ಮ ಪರಿಸರ ಅಧ್ಯಯನದ ಪಿರಿಯಡ್ ಇರೋದು ಬೆಳಿಗ್ಗೆ, ಬಿಸಿಲು ಇನ್ನೂ ಓರೆಯಾಗಿ ಬೀಳೋ ಹೊತ್ತು. ಅಂಗಳದಲ್ಲಿ ಕಾರು ಇಟ್ಟರೆ ಚಕ್ರ ಮಿಸುಕಲ್ಲ. ಕಾರನ್ನೇ ಎತ್ತಿ ಸೂರ್ಯನ ಕಡೆ ಓರೆ ಮಾಡಿದರೆ ಗಿರ್ರನೆ ತಿರುಗುತ್ತೆ, ನೆಲಕ್ಕಿಟ್ಟ ತಕ್ಷಣ ಮತ್ತೆ ನಿಲ್ಲುತ್ತೆ. "ಕಾರು ಕೆಟ್ಟೋಗಿದೆ ಟೀಚರ್" ಅಂತ ಮಕ್ಕಳು ತೀರ್ಮಾನ ಮಾಡಿಬಿಟ್ಟರು.

ಕೆಟ್ಟಿರಲಿಲ್ಲ. ಬಿಸಿಲು ನೇರ ಬಿದ್ದಷ್ಟೂ ಕರೆಂಟ್ ಹೆಚ್ಚು ಅನ್ನೋದೇ ಆವತ್ತಿನ ಪಾಠ. ಆದರೆ ಪ್ಯಾನಲ್ ತಿರುಗಿಸೋಕೇ ಆಗದಿದ್ದರೆ ಅದನ್ನು ಮಗು ಕಂಡುಕೊಳ್ಳೋದು ಹೇಗೆ? ಮೇಲಾಗಿ ಒಂದು ಕಾರು, ಸುತ್ತ ಇಡೀ ಕ್ಲಾಸು. ಮುಂದಿನ ಸಾಲಿನವರು ಮುಟ್ಟಿದರು, ಹಿಂದಿನವರು ಇಣುಕಿದರು.

ಬಿಡಿ ಪ್ಯಾನಲ್‌ಗೆ ಪುಟ್ಟ ಫ್ಯಾನು ಸಿಕ್ಕಿಸಿದ ಆಟಿಕೆ ಮೋಟಾರ್ ಸೇರಿಸಿ ಕೈಗೆ ಕೊಟ್ಟಾಗ ಹೇಳಿಕೊಡಬೇಕಾಗಲೇ ಇಲ್ಲ. ತಾವೇ ಓರೆ ಮಾಡಿ ನೋಡಿದರು, ಫ್ಯಾನು ಜೋರಾಯಿತು. ಒಬ್ಬ ಹುಡುಗಿ ಪ್ಯಾನಲ್‌ನ ಒಂದೇ ಒಂದು ಪಟ್ಟಿಯನ್ನು ಬೆರಳಿಂದ ಪೂರ್ತಿ ಮುಚ್ಚಿದಳು, ಫ್ಯಾನು ನಿಂತೇಹೋಯಿತು. ಒಂದೊಂದು ಪಟ್ಟಿ ಕೊಡೋದು ಅರ್ಧ ವೋಲ್ಟ್‌ನಷ್ಟು. ಎಲ್ಲ ಸಾಲಾಗಿ ಜೋಡಿಸಿರೋದರಿಂದ ಒಂದಕ್ಕೆ ನೆರಳಾದರೆ ಕರೆಂಟ್ ಹರಿಯೋ ದಾರಿಯೇ ಕಟ್ಟುತ್ತೆ. ಮನೆ ಮೇಲಿನ ಪ್ಯಾನಲ್ ಯಾಕೆ ದಕ್ಷಿಣಕ್ಕೆ ಬಾಗಿರುತ್ತೆ ಅಂತ ಆಮೇಲೆ ಅವರೇ ಕೇಳಿದರು. ನಮ್ಮೂರು ಸಮಭಾಜಕದಿಂದ ಸುಮಾರು 14 ಡಿಗ್ರಿ ಉತ್ತರಕ್ಕಿದೆ, ವರ್ಷದ ಹೆಚ್ಚು ಕಾಲ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೇ ಇರುತ್ತಾನೆ ಅಂತ ಗ್ಲೋಬ್ ಇಟ್ಟು ತೋರಿಸಿದೆ.

ಗಾಳಿಯ ಪಾಠಕ್ಕೆ ಗೇರ್ ಮೋಟಾರ್ ಬೇಕೇ ಬೇಕು, ಕೈಯಲ್ಲಿ ನಿಧಾನ ತಿರುಗಿಸಿದರೂ ಒಳಗಿನ ಮೋಟಾರ್ ಜೋರಾಗಿ ತಿರುಗುತ್ತೆ. ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಯಂತ್ರಗಳ ದೊಡ್ಡ ಫ್ಯಾನುಗಳನ್ನು ನೋಡಿ ಬೆಳೆದ ಮಕ್ಕಳಿವರು, ಆದರೂ ಅವು ತಿರುಗೋದರಿಂದಲೇ ಗಾಳಿ ಬರುತ್ತೆ ಅಂತ ಹಲವರು ನಂಬಿದ್ದರು. ಗೇರ್ ಮೋಟಾರಿಗೆ ಕೆಂಪು ಎಲ್‌ಇಡಿ ಸಿಕ್ಕಿಸಿ ಕೈಯಲ್ಲೇ ತಿರುಗಿಸಿ ಅಂದೆ. ಒಂದು ದಿಕ್ಕಿಗೆ ತಿರುಗಿಸಿದರೆ ದೀಪ ಹತ್ತಿತು, ಇನ್ನೊಂದು ದಿಕ್ಕಿಗೆ ಇಲ್ಲ. ಗಾಳಿ ಮಾಡೋ ಕೆಲಸವನ್ನೇ ತಮ್ಮ ಕೈ ಮಾಡಿತು ಅಂತ ಆಗ ಅರ್ಥವಾಯಿತು.

ಉಪ್ಪುನೀರಿನ ಕಾರು ಬೇಡ. ಅದರಲ್ಲಿ ಸವೆಯೋದು ಮೆಗ್ನೀಸಿಯಂ ತಗಡು, ಮಕ್ಕಳು ಮಾತ್ರ ಉಪ್ಪುನೀರೇ ಇಂಧನ ಅಂದುಕೊಳ್ಳುತ್ತಾರೆ.

ಒಂದು ಕಿಟ್‌ನ ದುಡ್ಡಲ್ಲಿ ನಮಗೆ ನಾಲ್ಕು ಗುಂಪಿಗೆ ಆಗುವಷ್ಟು ಬಿಡಿ ಸಾಮಾನು ಬಂತು. ಮನೆಯಲ್ಲಿ ಒಂದೇ ಮಗು, ಆಟ ಮಧ್ಯಾಹ್ನ ಅನ್ನೋದಾದರೆ ಕಿಟ್ ತಗೊಳ್ಳಿ. ಬಿಡಿಯಾಗಿ ಕೊಳ್ಳುವವರು ಅಂಗಡಿಯ ಮುಂದೆಯೇ ಪ್ಯಾನಲ್‌ಗೆ ಮೋಟಾರ್ ಸೇರಿಸಿ ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಪ್ಯಾನಲ್‌ಗೆ ಎಲ್ಲ ಮೋಟಾರೂ ತಿರುಗಲ್ಲ. ವೈರನ್ನೂ ಅಲ್ಲೇ ಬೆಸುಗೆ ಹಾಕಿಸಿಕೊಂಡು ಬನ್ನಿ.