ಹಳೇ ಲೂನಾಗೆ ನಾನಾ ಪೇಠ್‌ನಲ್ಲಿ ಏನು ತಗೋಬೇಕು, ಏನು ಬೇಡ

ಪುಣೆಯಲ್ಲಿದ್ದುಕೊಂಡು ಹಳೇ ಮೊಪೆಡ್ ಒಂದನ್ನು ಮನೆಯಲ್ಲೇ ರೆಡಿ ಮಾಡುವ ಹುಚ್ಚು ಹತ್ತಿದರೆ ನಾನಾ ಪೇಠ್ ತಪ್ಪಿದ್ದಲ್ಲ. ಟೂ ವೀಲರ್ ಸ್ಪೇರ್ ಪಾರ್ಟ್ಸ್‌ಗೆ ಊರೆಲ್ಲ ಅಲ್ಲಿಗೇ ಹೋಗುತ್ತದೆ. ನಾನು ಹೋಗಿದ್ದು ಲೂನಾ ಸಾಮಾನಿಗೆ. ಸಿಗುತ್ತಾ? ಸಿಗುತ್ತದೆ. ಅಗ್ಗವಾ? ಹೌದು. ಎಲ್ಲಾ ಅಲ್ಲೇ ತಗೋಬಹುದಾ? ಬೇಡ. ದುಡ್ಡು ಕಡಿಮೆ ಇದ್ದಾಗ ಎಂಜಿನ್ ಒಳಗೆ ಹೋಗುವ ಸಾಮಾನಿಗೆ ಕೈ ಬಿಚ್ಚಿ, ಹೊರಗೆ ಕಾಣುವುದಕ್ಕೆ ಕೈ ಬಿಗಿ ಹಿಡಿಯಿರಿ. ಜನ ಮಾಡುವುದು ಇದರ ಉಲ್ಟಾ.

ಗಾಡಿ ನಮ್ಮ ಮಾವನದು. ಸೊಸೈಟಿ ಪಾರ್ಕಿಂಗ್‌ನ ಮೂಲೆಯಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಾ ನಿಂತಿತ್ತು. ಲೂನಾ ಅಂದರೆ ಪುಣೆಯವರಿಗೆ ಮನೆಮಗಳು ಇದ್ದ ಹಾಗೆ. 1972ರಲ್ಲಿ ಇಲ್ಲಿಯ ಕೈನೆಟಿಕ್ ಕಂಪನಿಯೇ ತಂದಿದ್ದು, ಇಟಲಿಯ ಪಿಯಾಜಿಯೋದವರ ಚಾವ್ ಮೊಪೆಡ್ ಅದಕ್ಕೆ ಮೂಲ. 50 ಸಿಸಿ ಟೂ ಸ್ಟ್ರೋಕ್ ಎಂಜಿನ್, ಒಳಗೆ ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಸ್ಪ್ಯಾನರ್ ಹಿಡಿಯಲು ಬರುವ ಯಾರಾದರೂ ಬಿಚ್ಚಬಹುದು. ಅದೇ ಹೆಸರಿನ ಕರೆಂಟ್ ಗಾಡಿ 2024ರಲ್ಲಿ ಬಂತು, ಶುರುವಿನ ಬೆಲೆ 70 ಸಾವಿರದ ಹತ್ತಿರ. ನನ್ನ ಹಳೇದಕ್ಕೆ ಟೈರ್ ಸೇರಿ 9 ಸಾವಿರದೊಳಗೆ ಮುಗಿಯಿತು. ಎರಡನ್ನೂ ಹೋಲಿಸುವುದು ಸರಿಯಲ್ಲ ಬಿಡಿ, ಆದರೆ ಮನೆಯಲ್ಲಿ ಕೇಳಿದಾಗ ಹೇಳಲು ಒಂದು ಲೆಕ್ಕ ಬೇಕಲ್ವಾ.

ನಾನಾ ಪೇಠ್‌ಗೆ ಹೋಗುವಾಗ ಹಳೇ ಸಾಮಾನನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಸುಮ್ನೆ 'ಲೂನಾ' ಅಂದರೆ ಸಾಲದು. ಸೂಪರ್, ಟಿಎಫ್ಆರ್, ಡಬಲ್ ಪ್ಲಸ್, ಮ್ಯಾಗ್ನಂ ಅಂತ ಹತ್ತಾರು ಬಂದು ಹೋಗಿವೆ, ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಕೌಂಟರ್ ಮೇಲೆ ಹಳೇದನ್ನು ಇಟ್ಟರೆ ಅಂಗಡಿಯವನು ಒಮ್ಮೆ ನೋಡಿ ಒಳಗೆ ಹೋಗುತ್ತಾನೆ. ಫೋಟೋ ತೋರಿಸಿದರೆ ಮಾತ್ರ ತಲೆ ಅಲ್ಲಾಡಿಸುತ್ತಾನೆ. ಪ್ಲಗ್, ಪಾಯಿಂಟ್, ಕಂಡೆನ್ಸರ್, ಕಾರ್ಬುರೇಟರ್ ವಾಷರ್ ಕಿಟ್, ಬ್ರೇಕ್ ಶೂ, ಕೇಬಲ್‌ಗಳು, ಪೆಟ್ರೋಲ್ ಪೈಪ್ ಇವೆಲ್ಲ ಸಲೀಸಾಗಿ ಸಿಕ್ಕವು. ಒಂದೊಂದೂ ನೂರು, ಇನ್ನೂರು ರೂಪಾಯಿಯ ಮಾತು. ಚೌಕಾಸಿ ಜಾಸ್ತಿ ನಡೆಯಲ್ಲ, ಆದರೆ ಎಲ್ಲಾ ಒಂದೇ ಕಡೆ ತಗೊಂಡರೆ ಕೊನೆಗೆ ಐವತ್ತು ಬಿಡುತ್ತಾರೆ. ಬೈಕ್ ಒಯ್ಯಬೇಡಿ, ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸಾಕಾಗುತ್ತದೆ.

ಈಗ ತಕರಾರಿನ ವಿಷಯ. ಒಂದು ಅಂಗಡಿಯಲ್ಲಿ, ಹೆಸರು ಬೇಡ, ಪಿಸ್ಟನ್ ರಿಂಗ್ ಸೆಟ್ ಕೊಂಡೆ. ಒರಿಜಿನಲ್ ಅಂದರು. ಡಬ್ಬಿ ಚೆಂದ ಇತ್ತು, ಮೇಲೆ ಹೊಳೆಯುವ ಸ್ಟಿಕ್ಕರ್ ಬೇರೆ. ನಮ್ಮ ಕೆಳಗಿನ ಮನೆಯ ಕಾಕಾ ವಿಜಯಪುರದ ಕಡೆಯವರು, ಭೋಸರಿಯಲ್ಲಿ ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಡಬ್ಬಿ ನೋಡಿದ್ದೇ, 'ತಮ್ಮಾ, ಪಿಸ್ಟನ್‌ಗೆ ಹಾಕಬ್ಯಾಡ, ಮದ್ಲ ಬೋರ್‌ನ್ಯಾಗ ಇಟ್ಟು ನೋಡು' ಅಂದರು. ಬೋರ್, ಅಂದರೆ ಸಿಲಿಂಡರಿನ ಒಳಗಿನ ಕೊಳವೆ, ಸವೆದಿಲ್ಲ ಅಂತ ಅವರೇ ಮೊದಲು ಅಳೆದಿದ್ದರು. ರಿಂಗ್ ಒಂದನ್ನೇ ಸಿಲಿಂಡರ್ ಒಳಗೆ ಇಟ್ಟು, ಪಿಸ್ಟನ್ ತಲೆಯಿಂದ ಮೆಲ್ಲಗೆ ತಳ್ಳಿದರೆ ಅದು ಓರೆಯಾಗದೆ ನೇರ ಕೂರುತ್ತದೆ. ಆಮೇಲೆ ರಿಂಗಿನ ಎರಡು ತುದಿಗಳ ನಡುವಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಬೇಕು. ಇಷ್ಟು ಚಿಕ್ಕ ಬೋರ್‌ಗೆ ಕಾಲು ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಇದರಲ್ಲಿ ಮುಕ್ಕಾಲು ಮಿಲಿಮೀಟರ್ ಎಲೆ ತಡೆಯಿಲ್ಲದೆ ಹೋಯಿತು. ಸಿಲಿಂಡರನ್ನು ಬಲ್ಬಿಗೆ ಹಿಡಿದರೆ ರಿಂಗ್ ಮತ್ತು ಗೋಡೆಯ ನಡುವೆ ಒಂದು ಕಡೆ ಬೆಳಕಿನ ಗೆರೆ. ಇದನ್ನು ಹಾಕಿ ಓಡಿಸಿದ್ದರೆ ಕಂಪ್ರೆಶನ್ ಎಲ್ಲಿಂದ ಬರಬೇಕು? ಪೆಡಲ್ ತುಳಿದು ತುಳಿದು ಕಾಲು ಬೀಳುತ್ತಿತ್ತು ಅಷ್ಟೇ.

ವಾಪಸ್ ಒಯ್ದರೆ ಗೋಡೆ ಮೇಲಿನ ಬೋರ್ಡ್ ತೋರಿಸಿದರು, ಮಾರಿದ ಮಾಲು ಹಿಂದಕ್ಕೆ ತಗೊಳ್ಳಲ್ಲ. ಸರಿ ಅಂತ ಮುಂದೆ ಹೋದೆ. ಅದೇ ಬೀದಿಯಲ್ಲಿ ಸ್ವಲ್ಪ ಮುಂದೆ ವಯಸ್ಸಾದ ಒಬ್ಬರ ಪುಟ್ಟ ಅಂಗಡಿ. ಅವರು ತಾವೇ ಡಬ್ಬಿ ಬಿಚ್ಚಿ, ನನ್ನ ಹಳೇ ಪಿಸ್ಟನ್‌ನ ತೋಡಿನಲ್ಲಿ ರಿಂಗ್ ಉರುಳಿಸಿ ದಪ್ಪ ನೋಡಿ, ತುದಿಗಳು ತೋಡಿನೊಳಗಿನ ಪಿನ್‌ಗೆ ಸರಿಯಾಗಿ ಕೂರುತ್ತವಾ ಅಂತ ತೋರಿಸಿ ಕೊಟ್ಟರು. ಟೂ ಸ್ಟ್ರೋಕ್‌ನಲ್ಲಿ ಆ ಪಿನ್ ರಿಂಗನ್ನು ತಿರುಗಲು ಬಿಡದೆ ಹಿಡಿದಿರುತ್ತದೆ. ಇಲ್ಲದಿದ್ದರೆ ರಿಂಗಿನ ತುದಿ ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದರೆ ಪೋರ್ಟ್‌ಗೆ ಸಿಕ್ಕಿ ಮುರಿಯುತ್ತದೆ. ರೇಟು ಮೊದಲನೆಯವರಿಗಿಂತ ಜಾಸ್ತಿಯೇ, ಆದರೆ ನನಗೆ ಬೇಜಾರಿಲ್ಲ. ಡಬ್ಬಿ ಬಿಚ್ಚಿ ತೋರಿಸಲು ಒಪ್ಪದ ಅಂಗಡಿಯಲ್ಲಿ ರಿಂಗ್, ಬೇರಿಂಗ್ ತಗೋಬೇಡಿ.

ಕ್ರ್ಯಾಂಕ್‌ನ ಆಯಿಲ್ ಸೀಲ್ ಕೂಡ ಇದೇ ಜಾತಿ. ನೋಡಲು ರಬ್ಬರ್ ಬಳೆ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಅದು ಗಟ್ಟಿಯಾಗಿದ್ದರೆ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ, ಪೆಟ್ರೋಲ್ ಪ್ರಮಾಣ ಕಡಿಮೆಯಾಗಿ ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಂಜಿನ್ ಬಿಚ್ಚಿದ ಮೇಲೆ ಹೊಸದು ಹಾಕಿಯೇ ಮುಚ್ಚಿ. ನಾನಾ ಪೇಠ್‌ಗೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು, ಆ ಒಂದು ಯಾಕೆ ಕಟ್ ಆಯಿತು ಅಂತ ಗೊತ್ತಾಯಿತಲ್ಲ.

ಹೊರಗಿನ ತಗಡು, ಪೆಡಲ್, ಚೈನ್ ಕವರ್, ಹೆಡ್‌ಲೈಟ್ ರಿಂಗ್ ಇವಕ್ಕೆ ಜುನಾ ಬಜಾರ್, ಅಂದರೆ ಹಳೇ ಸಾಮಾನಿನ ಸಂತೆ. ಬುಧವಾರ ಮತ್ತು ಭಾನುವಾರ ಸೇರುತ್ತದೆ. ಬೆಳಗ್ಗೆ ಬೇಗ ಹೋಗಿ, ನೆಲದ ಮೇಲೆ ಹಾಸಿದ ರಾಶಿಯಲ್ಲಿ ನೀವೇ ಕೆದಕಬೇಕು. ನನಗೆ ಸೈಡ್ ಕವರ್ ಒಂದು ಸಿಕ್ಕಿತು, ಬಣ್ಣ ಬೇರೆ, ಆದರೆ ಎಲ್ಲೂ ಸೀಳಿಲ್ಲ. ಹೇಳಿದ್ದರ ಅರ್ಧಕ್ಕೆ ಕೇಳಿ, ಎದ್ದು ನಡೆಯಿರಿ, ಕರೆಯುತ್ತಾರೆ. ಮ್ಯಾಗ್ನೆಟ್ ಕಾಯಿಲ್, ಕಾರ್ಬುರೇಟರ್ ಮಾತ್ರ ಅಲ್ಲಿ ಮುಟ್ಟಬೇಡಿ. ಕಾಯಿಲ್ ತಣ್ಣಗಿದ್ದಾಗ ಚೆನ್ನಾಗೇ ಕಿಡಿ ಕೊಟ್ಟು, ಬಿಸಿಯಾದ ಮೇಲೆ ಕೈ ಕೊಡುತ್ತದೆ. ಅದನ್ನು ರಸ್ತೆ ಮೇಲೆ ನಿಂತು ಪರೀಕ್ಷೆ ಮಾಡಲು ಆಗಲ್ಲ.

ನಟ್ಟು ಬೋಲ್ಟು, ಪಾಲಿಶ್ ಪೇಪರ್, ವೈರ್ ಬ್ರಷ್ ರವಿವಾರ ಪೇಠ್‌ನ ಬೋಹ್ರಿ ಆಳಿಯಲ್ಲಿ ತಗೊಂಡೆ, ಹೇಳುವಂಥದ್ದೇನಿಲ್ಲ, ಚೆನ್ನಾಗಿವೆ. ಸ್ಪ್ರೇ ಡಬ್ಬಿಯ ಬಗ್ಗೆ ಮಾತ್ರ ಒಂದು ಮಾತು. ಫ್ರೇಮ್‌ಗೆ, ಮಡ್‌ಗಾರ್ಡ್‌ಗೆ ಸಾಕಷ್ಟು ಚೆನ್ನಾಗಿ ಕೂರುತ್ತದೆ, ಮೊದಲು ಪ್ರೈಮರ್ ಹೊಡೆದು, ಬಣ್ಣವನ್ನು ತೆಳ್ಳಗೆ ಮೂರು ನಾಲ್ಕು ಸಲ ಹೊಡೆದರೆ. ಟ್ಯಾಂಕಿನ ಮೇಲೆ ಬೇಡ. ಮುಚ್ಚಳದ ಹತ್ತಿರ ಪೆಟ್ರೋಲ್ ಒಂದು ಹನಿ ಬಿದ್ದರೂ ಸಾದಾ ಸ್ಪ್ರೇ ಬಣ್ಣ ಕರಗಿ ಅಂಟಾಗುತ್ತದೆ. ಟ್ಯಾಂಕ್ ಒಂದನ್ನು ಪೇಂಟರ್ ಹತ್ತಿರ ಕೊಟ್ಟು, ಹಾರ್ಡ್‌ನರ್ ಸೇರಿಸಿದ ಬಣ್ಣ ಹೊಡೆಸಿ. ಬಾಕಿ ಗಾಡಿ ಸ್ವಲ್ಪ ಬೇರೆ ಶೇಡ್ ಕಂಡರೆ ಕಾಣಲಿ ಬಿಡಿ.

ಟ್ಯಾಂಕ್ ಒಳಗಿನ ತುಕ್ಕಿಗೆ ಕಿರಾಣಿ ಅಂಗಡಿಯ ವಿನೆಗರ್ ಸಾಕು. ತುಂಬಿಸಿ ಒಂದೆರಡು ದಿನ ಬಿಟ್ಟು, ಒಂದು ಹಿಡಿ ನಟ್ಟು ಹಾಕಿ ಕುಲುಕಿ, ಅಡುಗೆ ಸೋಡಾ ನೀರಿನಿಂದ ತೊಳೆದು, ಬಿಸಿಲಲ್ಲಿ ಪೂರ್ತಿ ಒಣಗಿಸಿ ತಕ್ಷಣ ಒಳಗೆ ಎಣ್ಣೆ ಸವರಬೇಕು, ತಡ ಮಾಡಿದರೆ ಮತ್ತೆ ತುಕ್ಕು. ಕಾರ್ಬುರೇಟರ್ ಜೆಟ್ಟಿಗೆ ಸೂಜಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ, ವೈರಿನ ಒಂದು ತಾಮ್ರದ ಎಳೆ ಸಾಕು. ಸೈಲೆನ್ಸರ್ ಕಾರ್ಬನ್‌ನಿಂದ ಕಟ್ಟಿಕೊಂಡಿದ್ದರೆ ಗಾಡಿ ಏರು ಹತ್ತಲ್ಲ, ಅದನ್ನೂ ಬಿಚ್ಚಿ ನೋಡಿ. ಇನ್ನು ಈಗಿನ ಪೆಟ್ರೋಲ್‌ನಲ್ಲಿ ಎಥೆನಾಲ್ ಇರುತ್ತದೆ, ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸುತ್ತದೆ. ಅದಕ್ಕೇ ಹೊಸ ಪೈಪ್ ಹಾಕಿಸಿದ್ದು. ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ (ನಲ್ಲಿ) ಬಂದ್ ಮಾಡಿ, ಎಂಜಿನ್ ತಾನೇ ಆರುವ ತನಕ ಓಡಲು ಬಿಡುತ್ತೇನೆ. ಪೆಟ್ರೋಲ್‌ಗೆ 2ಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಎಣ್ಣೆ ಬೆರೆಸುವುದನ್ನು ಮರೆತರೆ ಇಷ್ಟೂ ಖರ್ಚು ನೀರಿಗೆ.

ಕೊನೆಗೆ ಕಾಗದ. ಇದನ್ನು ನಿಜವಾಗಿ ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು ಅನ್ನಿಸುತ್ತದೆ. 20 ವರ್ಷ ದಾಟಿದ ಟೂ ವೀಲರ್‌ನ ನೋಂದಣಿ ನವೀಕರಣದ ಫೀ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿ ಆಯಿತು. ಹಸಿರು ತೆರಿಗೆ ಬೇರೆ, ಇನ್ಶೂರೆನ್ಸ್ ಬೇರೆ. ಮಹಾರಾಷ್ಟ್ರದಲ್ಲಿ ಹಳೇ ಗಾಡಿಗಳಿಗೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕಡ್ಡಾಯ, ಟೂ ವೀಲರ್‌ಗೆ 450 ರೂಪಾಯಿ ಮತ್ತು ಜಿಎಸ್‌ಟಿ. ನನ್ನ 9 ಸಾವಿರದಲ್ಲಿ ಇದ್ಯಾವುದೂ ಸೇರಿಲ್ಲ. ಗುಜರಿಯವನ ಹತ್ತಿರ ಎರಡು ಸಾವಿರಕ್ಕೆ ಲೂನಾ ಸಿಕ್ಕಿತು ಅಂತ ಕುಣಿಯುವ ಮುಂಚೆ ಆರ್‌ಸಿ ಕೇಳಿ, ಅದರಲ್ಲಿರುವ ಚಾಸಿ ನಂಬರ್ ಫ್ರೇಮ್ ಮೇಲೆ ಇದೆಯಾ ಅಂತ ವೈರ್ ಬ್ರಷ್‌ನಲ್ಲಿ ಉಜ್ಜಿ ನೋಡಿ. ಎರಡೂ ತಾಳೆಯಾಗದಿದ್ದರೆ ಅಲ್ಲೇ ಬಿಟ್ಟು ಬನ್ನಿ.